ಪ್ರೊಜೆಕ್ಟರ್ ಬಂದಿದೆ, ಪಾಠವೂ ಕನ್ನಡದಲ್ಲಿ ಬರಬೇಕು

ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ವಾರವೇ ರಕ್ಷಕರೊಬ್ಬರು ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಎಂಟನೇ ತರಗತಿಗೆ ಬಂದ ಮಗನ ಟಿ.ಸಿ. ಬೇಕಿತ್ತು ಅವರಿಗೆ. "ಯಾಕೆ, ಎಂತ ತೊಂದರೆ ಆಯ್ತು?" ಎಂದು ಕೇಳಿದೆವು.

"ತೊಂದರೆ ಎಂತದೂ ಇಲ್ಲ ಮಾಷ್ಟ್ರೇ. ನೀವು ಒಳ್ಳೆಯದೇ ಕಲಿಸ್ತೀರಿ. ಆದರೆ ಪೇಟೆಯ ಇಂಗ್ಲಿಷ್ ಮೀಡಿಯಂನಲ್ಲಿ ಎಲ್ಲ ಸ್ಮಾರ್ಟ್ ಕ್ಲಾಸ್ ಉಂಟಂತೆ. ಇಲ್ಲಿ ಈಗಲೂ ಚಾಕೇ ಅಲ್ವಾ?"

ನಮಗೆ ಸ್ವಲ್ಪ ಉತ್ಸಾಹ ಬಂತು. ಅವರನ್ನು ನೇರವಾಗಿ ಎಂಟನೇ ತರಗತಿಯ ಕೋಣೆಗೆ ಕರೆದುಕೊಂಡು ಹೋದೆವು. ಮಾಡಿನಿಂದ ತೂಗುವ ಪ್ರೊಜೆಕ್ಟರ್, ಮೇಜಿನ ಮೇಲೆ ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲವನ್ನೂ ತೋರಿಸಿದೆವು. ಅವರು ಎಲ್ಲವನ್ನೂ ನೋಡಿದರು. ಒಂದು ಕ್ಷಣ ಸುಮ್ಮನಿದ್ದು ಕೇಳಿದರು, "ಇದರಲ್ಲಿ ಕನ್ನಡ ಬರ್ತದಾ?"

ನಾವು ಕೂಡಲೇ ಉತ್ತರ ಕೊಡಲಿಲ್ಲ. ಟಿ.ಸಿ. ಬರೆದು ಕೊಟ್ಟೆವು. ಆದರೆ ಆ ಪ್ರಶ್ನೆ ನಮ್ಮ ಜೊತೆಯಲ್ಲೇ ಉಳಿದುಕೊಂಡಿದೆ. ತರಗತಿಯಲ್ಲಿ ತಂತ್ರಜ್ಞಾನ ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾವೆಲ್ಲ ಸಾಕಷ್ಟು ಕೇಳಿದ್ದೇವೆ. ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ನಿಜವಾದ ಪ್ರಶ್ನೆ ಆ ಹೆತ್ತವರು ಕೇಳಿದ್ದು ಎಂದು ನಮಗನಿಸುತ್ತದೆ.

ಮೊದಲು ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಿಬಿಡಬೇಕು. ಯಂತ್ರದ ವಿಷಯದಲ್ಲಿ ಕೇರಳದ ಶಾಲೆಗಳು ಹಿಂದೆ ಬಿದ್ದಿಲ್ಲ. 2001ರಲ್ಲೇ ಇಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. 2018ರಲ್ಲಿ ಶುರುವಾದ ಹೈಟೆಕ್ ಶಾಲಾ ಯೋಜನೆಯಲ್ಲಿ ಎಂಟರಿಂದ ಹನ್ನೆರಡರವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಅದೂ ದುಬಾರಿ ಪರವಾನಗಿಯ ತಂತ್ರಾಂಶಗಳನ್ನು ನಂಬಿಕೊಂಡು ಅಲ್ಲ, ಯಾರೂ ಬಳಸಬಹುದಾದ, ಯಾರೂ ತಿದ್ದಬಹುದಾದ ಸ್ವತಂತ್ರ ತಂತ್ರಾಂಶಗಳನ್ನು ಹಾಕಿಕೊಂಡು. ಕನ್ನಡ ಮಾಧ್ಯಮ ಎಂದು ನಮ್ಮ ಶಾಲೆಯನ್ನು ಯಾರೂ ಪಟ್ಟಿಯಿಂದ ಬಿಡಲಿಲ್ಲ. ಯಂತ್ರ ನಮಗೂ ಬಂತು. ಯಂತ್ರದ ಜೊತೆಗೆ ಬರಬೇಕಾಗಿದ್ದ ಪಾಠ ಮಾತ್ರ ಹೆಚ್ಚಾಗಿ ಮಲಯಾಳದಲ್ಲಿ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಬರುತ್ತದೆ.

"ನಿಮ್ಮ ಮಕ್ಕಳಿಗೆ ಮಲಯಾಳ ಗೊತ್ತುಂಟಲ್ಲ, ಮತ್ತೇನು?" ಎಂದು ಹಲವರು ಕೇಳುತ್ತಾರೆ. ಗೊತ್ತುಂಟು, ನಿಜ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಟದ ಬಯಲಿನಲ್ಲಿ ನಮ್ಮ ಮಕ್ಕಳು ಮಲಯಾಳ ಮಾತಾಡುತ್ತಾರೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಸುಮ್ಮನೆ ಕರೆದದ್ದಲ್ಲ. ಆದರೆ ಬಯಲಿನ ಮಲಯಾಳವೇ ಬೇರೆ, ಪಾಠದ ಮಲಯಾಳವೇ ಬೇರೆ.

ಒಮ್ಮೆ ಸಮಾಜ ವಿಜ್ಞಾನದ ತರಗತಿಯಲ್ಲಿ ಮಲಯಾಳದ ವೀಡಿಯೋ ಒಂದನ್ನು ಹಾಕಿದ್ದೆವು. ಎಲ್ಲರಿಗೂ ಸಮಾನ 'ಅವಸರಂ' ಸಿಗಬೇಕು ಎಂದು ಅದರಲ್ಲಿ ಹೇಳುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿ ಕೇಳಿದ, "ಎಲ್ಲರಿಗೂ ಯಾಕೆ ಅವಸರ ಸರ್?" ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಆ ಹುಡುಗನದು ತಪ್ಪೇ? ಮಲಯಾಳದಲ್ಲಿ ಅವಸರ ಎಂದರೆ ಅವಕಾಶ. ಕನ್ನಡದಲ್ಲಿ ಅವಸರ ಎಂದರೆ ಗಡಿಬಿಡಿ. ಮಲಯಾಳದಲ್ಲಿ ಸಂಸಾರ ಎಂದರೆ ಮಾತು, ನಮ್ಮಲ್ಲಿ ಮನೆ, ಹೆಂಡತಿ, ಮಕ್ಕಳು. ಅಲ್ಲಿ ಉಪನ್ಯಾಸ ಎಂದರೆ ಪ್ರಬಂಧ, ಇಲ್ಲಿ ಭಾಷಣ. ತೀರ ಗೊತ್ತಿಲ್ಲದ ಶಬ್ದವಾದರೆ ಮಗು ಅರ್ಥ ಕೇಳುತ್ತದೆ. ಗೊತ್ತಿರುವ ಹಾಗೆ ಕಾಣುವ ಶಬ್ದವಾದರೆ ಕೇಳುವುದೇ ಇಲ್ಲ, ತಪ್ಪಾಗಿ ತಿಳಿದುಕೊಂಡು ಮುಂದೆ ಹೋಗುತ್ತದೆ. ಅಪಾಯ ಇರುವುದೇ ಅಲ್ಲಿ.

ಇನ್ನೂ ಒಂದು ಮಾತಿದೆ. ನಮ್ಮ ತರಗತಿಯ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ. ಅವರಿಗೆ ಕನ್ನಡವೇ ಶಾಲೆಯ ಭಾಷೆ. ಮಲಯಾಳದ ವೀಡಿಯೋ ಓಡುವಾಗ ನಾವು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ವಿವರಿಸುತ್ತೇವೆ, ಮಗು ಅದನ್ನು ತುಳುವಿನಲ್ಲಿ ಯೋಚಿಸುತ್ತದೆ. ವಿಷಯ ಮೂರು ಮನೆ ದಾಟಿ ಬರಬೇಕು! ಅಷ್ಟರಲ್ಲಿ ಪರದೆಯ ಮೇಲಿನ ಚಿತ್ರ ಬದಲಾಗಿರುತ್ತದೆ. ಕಲಿಕೆಯನ್ನು ಸುಲಭ ಮಾಡಬೇಕಾಗಿದ್ದ ಯಂತ್ರ ಅಧ್ಯಾಪಕರನ್ನು ದುಭಾಷಿಯ ಕೆಲಸಕ್ಕೆ ಹಚ್ಚುತ್ತದೆ.

ಹಾಗಾದರೆ ಕರ್ನಾಟಕದ ವೀಡಿಯೋಗಳನ್ನು ಹಾಕಬಾರದೇ? ಹಾಕುತ್ತೇವೆ. ಅಲ್ಲಿನ ಅಧ್ಯಾಪಕರು ಯೂಟ್ಯೂಬಿನಲ್ಲಿ ಇಟ್ಟ ಒಳ್ಳೊಳ್ಳೆಯ ಪಾಠಗಳು ನಮಗೆ ಆಧಾರವಾಗಿವೆ. ಆದರೆ ಅವರ ಪಠ್ಯಕ್ರಮ ಬೇರೆ, ನಮ್ಮದು ಬೇರೆ. ನಮ್ಮ ಮಕ್ಕಳು ಕೇರಳದ ಪಠ್ಯಪುಸ್ತಕದ ಕನ್ನಡ ಆವೃತ್ತಿಯನ್ನು ಓದಿ ಕೇರಳದ ಪರೀಕ್ಷೆ ಬರೆಯುವವರು. ಪಾಠದ ಅನುಕ್ರಮ ಹೊಂದುವುದಿಲ್ಲ, ಎಷ್ಟೋ ಕಡೆ ಪಾರಿಭಾಷಿಕ ಶಬ್ದಗಳೂ ಹೊಂದುವುದಿಲ್ಲ. ಮಲಯಾಳದ ಪಾಠದಲ್ಲಿ ವಿಷಯ ನಮ್ಮದು, ಭಾಷೆ ಬೇರೆಯವರದು. ಕರ್ನಾಟಕದ ಪಾಠದಲ್ಲಿ ಭಾಷೆ ನಮ್ಮದು, ವಿಷಯ ಬೇರೆಯವರದು. ನಮಗೆ ಬೇಕಾದ್ದನ್ನು ನಾವೇ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ ಎಂದು ಹೇಳುವುದು ಇದಕ್ಕಾಗಿ.

ಮಾಡಿಕೊಳ್ಳಲು ಸಾಧ್ಯವೇ? ಸಾಧ್ಯ ಎನ್ನುವುದಕ್ಕೆ ನಮ್ಮದೇ ತರಗತಿಯ ಎರಡು ಅನುಭವ ಹೇಳುತ್ತೇವೆ.

ಮೊದಲನೆಯದು ಗಣಿತದ್ದು. ಅರ್ಧವೃತ್ತದಲ್ಲಿರುವ ಕೋನ ಲಂಬಕೋನ ಎಂಬ ಪಾಠ. ಹಿಂದೆ ನಾವು ಮರದ ಕೈವಾರದಿಂದ ಬೋರ್ಡಿನ ಮೇಲೆ ವೃತ್ತ ಎಳೆದು ಮೂರೋ ನಾಲ್ಕೋ ಕೋನ ಬರೆದು ತೋರಿಸುತ್ತಿದ್ದೆವು. "ಹೀಗೆಯೇ ಎಲ್ಲ ಕಡೆ" ಎಂದರೆ ಮಕ್ಕಳು ನಂಬುತ್ತಿದ್ದರು, ಅಷ್ಟೇ. ಈಗ ಜಿಯೋಜೀಬ್ರಾದಲ್ಲಿ ವೃತ್ತ, ವ್ಯಾಸ, ವೃತ್ತದ ಮೇಲೊಂದು ಬಿಂದು ಇಟ್ಟು ಮಕ್ಕಳ ಕೈಗೆ ಮೌಸ್ ಕೊಡುತ್ತೇವೆ. ಬಿಂದುವನ್ನು ವೃತ್ತದ ಮೇಲೆ ಎಲ್ಲಿಗೆ ಎಳೆದರೂ 90 ಡಿಗ್ರಿ! ಒಬ್ಬ ಹುಡುಗಿ ಕೇಳಿದಳು, "ಸರ್, ಬಿಂದು ವೃತ್ತದ ಒಳಗೆ ಹೋದರೆ?" ಉತ್ತರ ನಾವು ಹೇಳಲಿಲ್ಲ. ಅವಳೇ ಎಳೆದು ನೋಡಿದಳು. ಒಳಗೆ ಹೋದರೆ ಕೋನ 90ಕ್ಕಿಂತ ಹೆಚ್ಚು, ಹೊರಗೆ ಬಂದರೆ ಕಡಿಮೆ. ಆಮೇಲೆ ಪ್ರೊಜೆಕ್ಟರ್ ಆರಿಸಿದೆವು. "ಕಂಡದ್ದನ್ನು ನಿಮ್ಮ ಮಾತಿನಲ್ಲಿ ಪುಸ್ತಕದಲ್ಲಿ ಬರೆಯಿರಿ, ಯಾಕೆ ಹಾಗೆ ಎಂದು ಪಕ್ಕದವರಿಗೆ ಹೇಳಿ" ಎಂದೆವು. ಕೆಲವರು ತಡವರಿಸಿದರು. ಕಣ್ಣಿಗೆ ಕಂಡದ್ದು ಬಾಯಲ್ಲಿ ಬರಬೇಕಾದರೆ ಭಾಷೆ ಬೇಕಲ್ಲ? ಅಂದಿನ ಪಾಠದ ಅರ್ಧ ಕಲಿಕೆ ಆದದ್ದು ಪ್ರೊಜೆಕ್ಟರ್ ಆರಿದ ಮೇಲೆ, ಕನ್ನಡದಲ್ಲಿ.

ಎರಡನೆಯದು ಅಂತರ್ಜಲದ ಪಾಠ. ವೀಡಿಯೋಗಳನ್ನು ಹುಡುಕಿದರೆ ಕೊಳವೆಬಾವಿ, ಅಣೆಕಟ್ಟು, ದೂರದ ಮರುಭೂಮಿ ಎಲ್ಲ ಸಿಗುತ್ತವೆ. ಆದರೆ ನಮ್ಮ ಮಕ್ಕಳ ಮನೆಯ ಹಿಂದಿನ ಗುಡ್ಡದಲ್ಲೇ ಇರುವ ಸುರಂಗ? ಹೊರಗಿನವರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸುರಂಗ ಎಂದರೆ ರೈಲಿನದ್ದಲ್ಲ, ನೀರಿನದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕೊರೆಯುತ್ತಾ ಹೋಗುತ್ತಾರೆ. ಒಳಗೆ ಒಸರುವ ನೀರು ಸಣ್ಣ ಇಳಿಜಾರಿನಲ್ಲಿ ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಎಷ್ಟೋ ಅಡಿಕೆ ತೋಟಗಳು ಈ ನೀರಿನಲ್ಲೇ ಬದುಕಿವೆ.

ಎಂಟು ಮಕ್ಕಳ ಒಂದು ಗುಂಪನ್ನು ಒಂದು ಮೊಬೈಲು ಕೊಟ್ಟು ಹಿಂದೆ ಸುರಂಗ ಕೊರೆಯುತ್ತಿದ್ದ ಹಿರಿಯರೊಬ್ಬರ ಮನೆಗೆ ಕರೆದುಕೊಂಡು ಹೋದೆವು. ಅವರು ತುಳುವಿನಲ್ಲಿ ಮಾತಾಡಿದರು. ಪಿಕ್ಕಾಸು ಹಿಡಿಯುವ ಕ್ರಮ, ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುವುದು, ಒಳಗೆ ಮೇಣದಬತ್ತಿ ಉರಿಸಿಡುವುದು, ಬತ್ತಿ ಮಂಕಾದರೆ ಗಾಳಿ ಕಡಿಮೆಯಾಗಿದೆ ಎಂದು ತಿಳಿದು ಹೊರಗೆ ಬರುವುದು, ಎಲ್ಲ ಹೇಳಿದರು. ಮಕ್ಕಳು ಅದನ್ನು ರೆಕಾರ್ಡ್ ಮಾಡಿ ತಂದು ಲ್ಯಾಬಿನಲ್ಲಿ ಕುಳಿತು ಕನ್ನಡಕ್ಕೆ ತಂದರು, ಟೈಪ್ ಮಾಡಿ ವೀಡಿಯೋದ ಅಡಿಯಲ್ಲಿ ಹಾಕಿದರು. ಆರು ನಿಮಿಷದ ವೀಡಿಯೋ ತಯಾರಾಗಲು ಮೂರು ವಾರ ಹಿಡಿಯಿತು. ಧ್ವನಿ ಅಲ್ಲಲ್ಲಿ ಸರಿಯಿಲ್ಲ, ಕ್ಯಾಮರಾ ಅಲುಗಾಡುತ್ತದೆ. ಆದರೆ ಆ ವರ್ಷ ಅಂತರ್ಜಲದ ಬಗ್ಗೆ ನಮ್ಮ ಮಕ್ಕಳಿಗೆ ನಾವು ಮತ್ತೆ ಹೇಳಿಕೊಡಬೇಕಾಗಿ ಬರಲಿಲ್ಲ. ಬತ್ತಿ ಯಾಕೆ ಮಂಕಾಗುತ್ತದೆ ಎಂಬುದರಿಂದ ರಸಾಯನ ಶಾಸ್ತ್ರದ ಪಾಠವೂ ಶುರುವಾಯಿತು.

ಇಲ್ಲಿ ಯಂತ್ರದ ಕೆಲಸ ಏನು? ಬೇರೆ ಯಾರೋ ಮಾಡಿದ ಪಾಠವನ್ನು ತೋರಿಸುವುದಲ್ಲ. ಮಕ್ಕಳು ಕೇಳಿದ್ದನ್ನು, ಕಂಡದ್ದನ್ನು ಹಿಡಿದಿಟ್ಟು, ಜೋಡಿಸಿ, ಅವರದೇ ಭಾಷೆಯಲ್ಲಿ ಹೇಳಲು ಸಹಾಯ ಮಾಡುವುದು. ತಂತ್ರಜ್ಞಾನವನ್ನು ಬೋಧನೆಯ ಸಾಧನ ಎನ್ನುತ್ತೇವಲ್ಲ, ಅದು ಸಾಧನವಾಗುವುದು ಹೀಗೆ. ಇಲ್ಲದಿದ್ದರೆ ಅದು ದೊಡ್ಡ ಟಿ.ವಿ. ಮಾತ್ರ.

ಈಗ ನಮ್ಮದೇ ತಪ್ಪಿನ ಕತೆ. ಅದನ್ನೂ ಹೇಳದೆ ಇಲಾಖೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ನಮ್ಮ ಶಾಲೆಯ ಕಪಾಟಿನಲ್ಲಿ ಸಿ.ಡಿ.ಗಳ ಒಂದು ರಾಶಿ ಇದೆ. ಹತ್ತು ಹದಿನೈದು ವರ್ಷಗಳ ಪ್ರಶ್ನೆಪತ್ರಿಕೆ, ಟಿಪ್ಪಣಿ, ಶಾಲಾ ವಾರ್ಷಿಕ ಸಂಚಿಕೆಯ ಲೇಖನಗಳು. ಎಲ್ಲವೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದವು. ಆ ತಂತ್ರಾಂಶಗಳ ಋಣ ಸಣ್ಣದಲ್ಲ. ಶೇಷಾದ್ರಿ ವಾಸು ಅವರು 1998ರಲ್ಲಿ ಬರಹ ಕೊಡದಿದ್ದರೆ, ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸದಿದ್ದರೆ ನಮ್ಮಂಥ ಶಾಲೆಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಆದರೆ ಆ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡ ಇದ್ದದ್ದು ಫಾಂಟಿನ ಚಿತ್ರದಲ್ಲಿ ಮಾತ್ರ. ಫಾಂಟ್ ಹೋದರೆ ಕನ್ನಡವೂ ಹೋಯಿತು. ಇಂದು ಆ ಕಡತಗಳನ್ನು ಶಾಲೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬಾಲ, ಕೊಂಬು ಅಂಟಿಸಿಕೊಂಡ ರೋಮನ್ ಅಕ್ಷರಗಳ ಗೊಂಚಲು ಕಾಣುತ್ತದೆ.

ಯೂನಿಕೋಡ್ ಹಾಗಲ್ಲ. ಅದರಲ್ಲಿ 'ಕ' ಎಂಬುದಕ್ಕೆ ಅದರದೇ ಸಂಕೇತ ಇದೆ. ಯಾವ ಯಂತ್ರದಲ್ಲಿ, ಯಾವ ಫಾಂಟಿನಲ್ಲಿ ತೆರೆದರೂ 'ಕ' 'ಕ'ವಾಗಿಯೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡ ಇದೆ. ಹಾಗಿದ್ದೂ ನಾವು ಎಷ್ಟೋ ವರ್ಷ ಹಳೆಯ ಅಭ್ಯಾಸ ಬಿಡಲಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಇವೆ, ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪಾದದ್ದನ್ನು ಕೈಯಲ್ಲಿ ತಿದ್ದಬೇಕು. ನಮ್ಮಲ್ಲಿ ಈ ಕೆಲಸ ಶುರುವಾಗಿದೆ, ಮುಗಿದಿಲ್ಲ. ನಿಮ್ಮ ಶಾಲೆಯ ಕಪಾಟಿನಲ್ಲೂ ಇಂಥ ರಾಶಿ ಇರಬಹುದು. ಸಿ.ಡಿ. ಓದುವ ಯಂತ್ರಗಳು ಸಿಗುವಾಗಲೇ ತೆಗೆದು ನೋಡಿ.

"ಮಕ್ಕಳಿಗೆ ಕನ್ನಡ ಟೈಪಿಂಗ್ ಬೇರೆ ಕಲಿಸಬೇಕೇ, ಸಮಯ ಎಲ್ಲಿ?" ಎಂದು ಕೇಳುವ ಸಹೋದ್ಯೋಗಿಗಳಿಗೆ ಒಂದು ಸಂತೋಷದ ಸುದ್ದಿ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಭಾರತದ ಭಾಷೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ. ಮಲಯಾಳದ 'ಕ' ಇರುವ ಕೀಲಿಯಲ್ಲೇ ಕನ್ನಡದ 'ಕ' ಇದೆ. ಮಲಯಾಳ ಟೈಪಿಂಗ್ ಅಭ್ಯಾಸವಾದ ಮಗುವಿಗೆ ಭಾಷೆ ಬದಲಾಯಿಸುವ ಒಂದು ಕ್ಲಿಕ್ ಸಾಕು. ಎರಡು ಭಾಷೆ ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ನಮಗೆ ಬೇರೆ ಕಾಣುವುದಿಲ್ಲ. ಮಲಯಾಳ ನಮ್ಮ ರಾಜ್ಯದ ಭಾಷೆ, ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ನಮ್ಮ ಆಕ್ಷೇಪ ಮಲಯಾಳದ ಮೇಲಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಕನ್ನಡದಲ್ಲಿ ಪಾಠ ಸಿಗಬೇಕು ಎಂಬುದು ನಮ್ಮ ಮಾತು.

2020ನ್ನು ನೆನಪಿಸಿಕೊಳ್ಳೋಣ. ಕೊರೋನಾದಿಂದ ಶಾಲೆ ಮುಚ್ಚಿದಾಗ ಆ ವರ್ಷ ಜೂನ್ 1ರಂದು ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ತರಗತಿಗಳು ಶುರುವಾದವು. ಕನ್ನಡ ಮಾಧ್ಯಮದ ಪಾಠಗಳು ಯೂಟ್ಯೂಬಿನಲ್ಲಿ, ಸ್ಥಳೀಯ ಕೇಬಲಿನಲ್ಲಿ ಬಂದವು. ನೆಟ್‌ವರ್ಕ್ ಇಲ್ಲದ ಕಣಿವೆಯ ಮನೆಗಳ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದರು. ಮನೆಯಲ್ಲಿ ಮೊಬೈಲ್ ಒಂದೇ, ಕಲಿಯುವ ಮಕ್ಕಳು ಮೂವರು, ಹಗಲಿನಲ್ಲಿ ಮೊಬೈಲ್ ಕೆಲಸಕ್ಕೆ ಹೋದ ಅಪ್ಪನ ಕಿಸೆಯಲ್ಲಿ! ಆ ಕಷ್ಟಗಳನ್ನು ಮರೆಯಬಾರದು. ಹಾಗೆಯೇ ಇನ್ನೊಂದನ್ನೂ ಮರೆಯಬಾರದು. ಜನ್ಮದಲ್ಲಿ ಕ್ಯಾಮರಾದ ಎದುರು ನಿಲ್ಲದ ನಮ್ಮ ಜಿಲ್ಲೆಯ ಕನ್ನಡ ಅಧ್ಯಾಪಕರು ಆಗ ಪಾಠ ಮಾಡಿ ರೆಕಾರ್ಡ್ ಮಾಡಿದರು. ಬೇಕೇ ಬೇಕು ಎಂದಾಗ ನಮ್ಮಿಂದ ಆಗುತ್ತದೆ ಎಂದು ಅಂದೇ ಸಾಬೀತಾಯಿತು.

2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದವು, ನಾವು ಮೊಬೈಲ್ ಸ್ಟ್ಯಾಂಡನ್ನು ಕಪಾಟಿಗೆ ಸೇರಿಸಿದೆವು. 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೇ ತರಗತಿಗಳಿಗೆ, 2025ರಲ್ಲಿ ಎರಡು, ನಾಲ್ಕು, ಆರು, ಎಂಟು, ಹತ್ತನೇ ತರಗತಿಗಳಿಗೆ ಹೊಸ ಪಠ್ಯಪುಸ್ತಕಗಳು ಬಂದವು. ಹಳೆಯ ವೀಡಿಯೋಗಳು ಹೊಸ ಪುಸ್ತಕಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ವೀಡಿಯೋ ಮಾತ್ರ ಇದ್ದರೆ ಇದೇ ತೊಂದರೆ, ನಡುವಿನಲ್ಲಿ ಒಂದು ವಾಕ್ಯವನ್ನು ಬದಲಾಯಿಸುವುದೂ ಕಷ್ಟ. ಅದರ ಹಿಂದಿನ ಟಿಪ್ಪಣಿ, ಸ್ಲೈಡ್, ಚಿತ್ರಗಳನ್ನು ತಿದ್ದಲು ಬರುವ ರೂಪದಲ್ಲಿ ಹಂಚಿಕೊಂಡಿದ್ದರೆ ಮುಂದಿನವರು ಅರ್ಧ ಕೆಲಸದಿಂದ ಶುರು ಮಾಡಬಹುದಿತ್ತು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಯಂತ್ರವೇ ಅನುವಾದ ಮಾಡುತ್ತದೆ, ನೀವ್ಯಾಕೆ ಕಷ್ಟಪಡುತ್ತೀರಿ ಎನ್ನುವವರೂ ಇದ್ದಾರೆ. ನಾವೂ ಬಳಸಿ ನೋಡಿದ್ದೇವೆ. ಮೊದಲ ಕರಡಿಗೆ ಪ್ರಯೋಜನ ಉಂಟು. ಆದರೆ ವಾಕ್ಯಗಳು ಹಲವು ಸಲ ಕನ್ನಡದ ಅಂಗಿ ತೊಟ್ಟ ಇಂಗ್ಲಿಷ್. ಪಾರಿಭಾಷಿಕ ಶಬ್ದ ನಮ್ಮ ಪುಸ್ತಕದ್ದಾಗಿರುವುದಿಲ್ಲ. ಕನ್ನಡ ಬಲ್ಲ ಅಧ್ಯಾಪಕರು ಓದಿ ತಿದ್ದದೆ ಅದನ್ನು ಮಕ್ಕಳ ಎದುರು ಇಡಬಾರದು. ಅಂದರೆ ಮಾತು ತಿರುಗಿ ಅಲ್ಲಿಗೇ ಬಂತು. ಕನ್ನಡ ಮಾಧ್ಯಮಕ್ಕೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕು. ಕನ್ನಡ ಬಾರದವರನ್ನು ನೇಮಿಸಿ, ಪ್ರೊಜೆಕ್ಟರ್ ಇದೆಯಲ್ಲ ಎಂದು ಸಮಾಧಾನ ಹೇಳುವುದು ಅಡುಗೆಯವರಿಲ್ಲದ ಮನೆಗೆ ಮಿಕ್ಸಿ ಕೊಟ್ಟ ಹಾಗೆ.

ನಮ್ಮ ಹಿರಿಯ ಸಹೋದ್ಯೋಗಿಗಳಲ್ಲಿ ಕೆಲವರು "ಇದೆಲ್ಲ ಬೇಡ, ಚಾಕ್ ಸಾಕು" ಎನ್ನುತ್ತಾರೆ. ಅವರ ಮಾತಿನಲ್ಲೂ ಸತ್ಯವಿದೆ. ಅಂಗಳದಲ್ಲಿ ದಾಸವಾಳ ಅರಳಿರುವಾಗ ಹೂವಿನ ಭಾಗಗಳನ್ನು ಪರದೆಯ ಮೇಲೆ ತೋರಿಸುವುದು ಮೂರ್ಖತನವೇ. ಆದರೆ ರಕ್ತ ಸಂಚಾರವನ್ನು, ಗ್ರಹಣವನ್ನು, ಚಲಿಸುವ ಬಿಂದುವನ್ನು ಚಾಕ್ ತೋರಿಸಲಾರದು. ಎಲ್ಲಿ ಯಾವುದು ಬೇಕೆಂದು ತೀರ್ಮಾನಿಸುವವರು ಅಧ್ಯಾಪಕರಾಗಿರಬೇಕು. ಮತ್ತೆ, ಹೆತ್ತವರು ಪೇಟೆಯ ಶಾಲೆಯನ್ನು ನೋಡಿ ಹೋಲಿಸುವ ಈ ಕಾಲದಲ್ಲಿ, ಕನ್ನಡ ಮಾಧ್ಯಮ ಎಂದರೆ ಹಳೆಯದು ಎಂಬ ಭಾವನೆಗೆ ನಾವಾಗಿಯೇ ಸಾಕ್ಷಿ ಹೇಳಬಾರದು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ, ಕೊನೆಗೆ ಶಾಲೆಯಲ್ಲಿ ಕನ್ನಡವೇ ಹೋಗುತ್ತದೆ. ಇದು ನಮಗೆಲ್ಲ ಗೊತ್ತಿರುವ ಲೆಕ್ಕ.

ಆದ್ದರಿಂದ ನಮ್ಮ ಕೆಲವು ಕೋರಿಕೆಗಳು. ಶಿಕ್ಷಣ ಇಲಾಖೆಯಲ್ಲಿ ನಮ್ಮ ವಿನಂತಿ ಇಷ್ಟು: ಪ್ರತಿ ಡಿಜಿಟಲ್ ಪಾಠವನ್ನು ಹೊರತರುವಾಗ ಅದರ ಮಾತಿನ ಬರಹವನ್ನೂ, ಮಾತಿಲ್ಲದ ಚಿತ್ರವನ್ನೂ ಕೊಡಿ. ಕನ್ನಡದ ಧ್ವನಿಯನ್ನು ನಮ್ಮವರೇ ಸೇರಿಸುತ್ತಾರೆ. ರಜೆಯ ಅಧ್ಯಾಪಕ ತರಬೇತಿಯಲ್ಲಿ ಒಂದು ದಿನವನ್ನಾದರೂ ಕನ್ನಡದಲ್ಲಿ ಪಾಠ ತಯಾರಿಸುವುದಕ್ಕೆ ಮೀಸಲಿಡಿ.

ಕರ್ನಾಟಕದ ಸಂಘ ಸಂಸ್ಥೆಗಳಲ್ಲಿ ಇನ್ನೊಂದು ವಿನಂತಿ. ನವೆಂಬರಿನಲ್ಲಿ ನೀವು ಬರುತ್ತೀರಿ, ಶಾಲು ಹೊದಿಸುತ್ತೀರಿ, ಗಡಿನಾಡಿನ ಕನ್ನಡಿಗರ ಬಗ್ಗೆ ಪ್ರೀತಿಯಿಂದ ಮಾತಾಡುತ್ತೀರಿ. ನಾವು ಕೃತಜ್ಞರು. ಆದರೆ ಒಂದು ಶಾಲಿನ ಬದಲು ನಿಮ್ಮ ಚಿತ್ರಗಳನ್ನು, ನಿಘಂಟನ್ನು, ವಿಜ್ಞಾನದ ಲೇಖನಗಳನ್ನು ಯಾರೂ ಬಳಸಿ ತಿದ್ದಬಹುದಾದ ಪರವಾನಗಿಯಲ್ಲಿ ಕೊಟ್ಟರೆ ಅದು ನಮ್ಮ ತರಗತಿಯಲ್ಲಿ ವರ್ಷವಿಡೀ ಉಳಿಯುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇಂಥ ಹಂಚಿಕೆಗೆ ನಮ್ಮ ಕಣ್ಣೆದುರಿನ ಉದಾಹರಣೆ.

ಇನ್ನು ನಮ್ಮವರಲ್ಲಿ, ಅಂದರೆ ಕಾಸರಗೋಡಿನಲ್ಲಿ ಮಾತ್ರವಲ್ಲ, ಹೊಸೂರು, ತಾಳವಾಡಿ, ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿಯ ಕಡೆಯ ಕನ್ನಡ ಶಾಲೆಗಳಲ್ಲಿರುವ ಬಂಧುಗಳಲ್ಲಿ. ಪಠ್ಯಕ್ರಮ ಬೇರೆ ಬೇರೆಯಾದರೂ ಅರ್ಧವೃತ್ತದ ಕೋನ ಎಲ್ಲ ರಾಜ್ಯದಲ್ಲೂ 90 ಡಿಗ್ರಿಯೇ. ಒಬ್ಬ ಅಧ್ಯಾಪಕ ವರ್ಷಕ್ಕೆ ಒಂದೇ ಒಂದು ಪಾಠವನ್ನು ಯೂನಿಕೋಡ್ ಕನ್ನಡದಲ್ಲಿ, ತಿದ್ದಲು ಬರುವ ರೂಪದಲ್ಲಿ ತಯಾರಿಸಿ ಹಂಚಿಕೊಳ್ಳಲಿ. ಒಂದೇ ಸಾಕು. ಒಂದು ಶಾಲೆಯಲ್ಲಿ ಹತ್ತು ಮಂದಿ ಅಧ್ಯಾಪಕರಿದ್ದರೆ ಹತ್ತು ಪಾಠ, ಹತ್ತು ಶಾಲೆ ಸೇರಿದರೆ ನೂರು. ಚೆನ್ನಾಗಿ ಬಾರದೆ ಹೋದರೂ ಪರವಾಗಿಲ್ಲ, ಇನ್ನೊಬ್ಬರು ತಿದ್ದುತ್ತಾರೆ. ನಾವು ಸುರಂಗದ ಪಾಠದಿಂದ ಶುರು ಮಾಡಿದ್ದೇವೆ.

ಟಿ.ಸಿ. ತೆಗೆದುಕೊಂಡು ಹೋದ ಹುಡುಗ ಈಗ ಬೆಳಿಗ್ಗೆ ನಮ್ಮ ಶಾಲೆಯ ಗೇಟಿನ ಮುಂದೆಯೇ ಇಂಗ್ಲಿಷ್ ಮೀಡಿಯಂನ ಬಸ್ಸಿಗೆ ಕಾಯುತ್ತಾನೆ. ನಮ್ಮನ್ನು ಕಂಡರೆ ನಗುತ್ತಾನೆ. ಅವನ ತಂಗಿ ನಾಲ್ಕನೆಯಲ್ಲಿ ನಮ್ಮಲ್ಲೇ ಇದ್ದಾಳೆ. ಅವಳು ಎಂಟಕ್ಕೆ ಬರುವಾಗ ಅವರ ತಂದೆ ಮತ್ತೊಮ್ಮೆ ಆ ಬಾಗಿಲಲ್ಲಿ ನಿಂತು "ಇದರಲ್ಲಿ ಕನ್ನಡ ಬರ್ತದಾ?" ಎಂದು ಕೇಳಬಹುದು. ನಮಗೆ ನಾಲ್ಕು ವರ್ಷ ಸಮಯ ಇದೆ.